ಬಿಚ್ಚಲು ಬಲ, ಬಿಗಿಯಲು ಅಳತೆ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಕಾರಿನ ನಟ್ಟು ಬಿಚ್ಚುವ ಗಾಳಿಯ ಗನ್ನಿನ ವಿಚಾರವೇ ಎಂದು ಸಹೃದಯರು ಹುಬ್ಬೇರಿಸಬಹುದು. ಆದರೆ ಗಡಿಭಾಗದ ನಮ್ಮ ಬಾಳಿನ ಬಹುಪಾಲು ಕಳೆಯುವುದೇ ದಾರಿಯ ಮೇಲೆ. ಮನೆ ಗಡಹಿಂಗ್ಲಜದಲ್ಲಿ, ಬೀಗರು ಇಚಲಕರಂಜಿಯಲ್ಲಿ, ದವಾಖಾನೆ ಕೊಲ್ಹಾಪುರದಲ್ಲಿ. ಮಹಾರಾಷ್ಟ್ರದ ಮನೆಯಿಂದ ಮಹಾರಾಷ್ಟ್ರದ ದವಾಖಾನೆಗೆ ಹೊರಟವರು ನಡುವೆ ಕರ್ನಾಟಕದ ಸಂಕೇಶ್ವರ, ನಿಪ್ಪಾಣಿಗಳನ್ನು ಹಾಯ್ದೇ ಹೋಗುತ್ತೇವೆ.

ಮೂರು ವರ್ಷಗಳ ಹಿಂದಿನ ಆಷಾಢದ ಒಂದು ಮುಂಜಾನೆ. ಅವ್ವನ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಹತ್ತು ಗಂಟೆಗೆ ಕೊಲ್ಹಾಪುರ ಮುಟ್ಟಬೇಕಿತ್ತು. ತವಂದಿ ಘಾಟಿನ ಇಳಿಜಾರಿನಲ್ಲಿ ಗಾಲಿ ಪಂಕ್ಚರಾಯಿತು. ಸ್ಟೆಪ್ನಿ ಇತ್ತು, ಜಾಕ್ ಇತ್ತು, ಕಾರಿನೊಡನೆ ಬಂದ ಪಾನಾ ಇತ್ತು. ನಟ್ಟು ಮಾತ್ರ ಅಲುಗಲಿಲ್ಲ. ಪಾನಾದ ಮೇಲೆ ಹತ್ತಿ ನಿಂತು ತುಳಿದೆವು. ಒಂದು ನಟ್ಟಿನ ಮೂಲೆಗಳೇ ಸವೆದು ಪಾನಾ ಜಾರತೊಡಗಿತು. ಹಿಂದಿನ ವಾರವಷ್ಟೇ ಟೈರಿನಂಗಡಿಯೊಂದರಲ್ಲಿ ಏರ್ ಗನ್ನಿನಿಂದ ಕ್ಷಣಾರ್ಧದಲ್ಲಿ ಗಾಲಿ ಬಿಗಿಸಿಕೊಂಡು ಬಂದಿದ್ದೆವು. ಆ ವೇಗವನ್ನು ಮೆಚ್ಚಿಯೂ ಇದ್ದೆವು. ಕೊನೆಗೆ ಲಾರಿಯ ಚಾಲಕನೊಬ್ಬ ತನ್ನ ಪೆಟ್ಟಿಗೆಯಿಂದ ಸರಿಹೊಂದುವ ಗೋಟಿ ಹುಡುಕಿ, ಪಾನಾಕ್ಕೆ ಕಬ್ಬಿಣದ ಪೈಪು ಸಿಕ್ಕಿಸಿ ಬಿಚ್ಚಿಕೊಟ್ಟ. ನಾವು ಮುಟ್ಟಿದಾಗ ಹನ್ನೆರಡೂವರೆ. ಶಸ್ತ್ರಚಿಕಿತ್ಸೆ ಮೂರು ವಾರ ಮುಂದೆ ಹೋಯಿತು. ಅವ್ವ ಏನನ್ನೂ ಆಡಲಿಲ್ಲ. ಆದರೆ ಆ ಮೂರು ವಾರ ಆಕೆ ಗೋಡೆ ಹಿಡಿದು ನಡೆದದ್ದನ್ನು ನಾವು ಮರೆತಿಲ್ಲ.

ಇನ್ನು ಕಾರಿನ ಚಿಕ್ಕಪುಟ್ಟ ಕೆಲಸವೆಲ್ಲ ಮನೆಯಂಗಳದಲ್ಲೇ ಆಗಲಿ, ಅದಕ್ಕೊಂದು ಏರ್ ಗನ್ನನ್ನೂ ಕೊಳ್ಳೋಣ ಎಂದು ನಿಶ್ಚಯಿಸಿದೆವು. ಪೆಟ್ಟಿಗೆಗಳ ಮೇಲೆ 600, 700 ನ್ಯೂಟನ್-ಮೀಟರ್ ಎಂಬ ದೊಡ್ಡ ಅಂಕಿಗಳು. ದೊಡ್ಡದೇ ಒಳ್ಳೆಯದೆಂದು ನಾವು ನಂಬಿದ್ದೆವು.

ಆ ನಂಬಿಕೆ ಮೊದಲು ಅಲುಗಿದ್ದು ಇಚಲಕರಂಜಿಯಲ್ಲಿ. 1904ರಲ್ಲಿ ವಿಠ್ಠಲರಾವ್ ದಾತಾರ್ ಅವರು ಮೊದಲ ಯಂತ್ರಮಗ್ಗ ಹೂಡಿದ ಊರದು. ಇಂದು ಅಲ್ಲಿ ಏರ್‌ಜೆಟ್ ಮಗ್ಗಗಳೂ ಇವೆ. ಅವುಗಳಲ್ಲಿ ಲಾಳಿಯಿಲ್ಲ, ಹೊಕ್ಕಿನ ನೂಲನ್ನು ಒಯ್ಯುವುದು ಗಾಳಿಯ ರಭಸ. ಅಂತಹ ಮಗ್ಗಗಳ ನಡುವೆ ದಿನ ಕಳೆಯುವ ನಮ್ಮ ಬೀಗರು ನಕ್ಕುಬಿಟ್ಟರು. "ಗನ್ನಿನ ಜೋರ ಕೇಳಬ್ಯಾಡ್ರಿ ಬೀಗರ. ನಿಮ್ಮ ಕಂಪ್ರೆಸರ್ ಎಷ್ಟು ಗಾಳಿ ಕೊಡತೈತಿ, ಅದನ್ನ ಮೊದಲ ಕೇಳ್ರಿ."

ಅವರು ತಿಳಿಸಿದ್ದು ಇಷ್ಟು. ಕಾರಿಗೆ ಬೇಕಾದ ಅರ್ಧ ಇಂಚಿನ ಗನ್ನು ಸುಮಾರು 90 ಪಿಎಸ್‌ಐ ಒತ್ತಡದಲ್ಲಿ ನಿಮಿಷಕ್ಕೆ 4-5 ಘನ ಅಡಿ ಗಾಳಿ ನುಂಗುತ್ತದೆಂದು ಬರೆದಿರುತ್ತಾರೆ. ಅದು ಬಿಟ್ಟುಬಿಟ್ಟು ಒತ್ತಿದಾಗಿನ ಸರಾಸರಿ. ಸತತ ಒತ್ತಿದರೆ ಅದರ ಹಲವು ಪಟ್ಟು. ಟಾಕಿ ಚಿಕ್ಕದಾದರೆ ಒಂದೆರಡು ನಟ್ಟಿಗೇ ಒತ್ತಡ ಇಳಿದು, ಗನ್ನು ಬರಿದೆ ಸದ್ದು ಮಾಡುತ್ತದೆ. ಪೈಪು ಸಣ್ಣದಾದರೂ ಅದೇ ಗತಿ. ಆದ್ದರಿಂದ ನಾವು 2 ಅಶ್ವಶಕ್ತಿಯ, 50 ಲೀಟರ್ ಟಾಕಿಯ ಕಂಪ್ರೆಸರನ್ನೂ ಒಳಗಿನ ವ್ಯಾಸ 3/8 ಇಂಚು ಇರುವ ಪೈಪನ್ನೂ ಮೊದಲು ಆಯ್ದು, ಗನ್ನಿನ ಮಾತನ್ನು ಆಮೇಲೆ ಎತ್ತಿದೆವು.

ಗನ್ನಿಗಾಗಿ ಕೊಲ್ಹಾಪುರದ ಶಿವಾಜಿ ಉದ್ಯಮನಗರಕ್ಕೆ ಹೋದೆವು. ಅಲ್ಲಿನ ಹಿರಿಯ ಮೇಸ್ತ್ರಿಯೊಬ್ಬರು ನಮ್ಮ ಕನ್ನಡ ಕೇಳಿ ತಾವೂ ಕನ್ನಡಕ್ಕೆ ಹೊರಳಿದರು. ಗನ್ನಿನೊಳಗೆ ಗಾಳಿಯಿಂದ ತಿರುಗುವ ಸುತ್ತಿಗೆಗಳು ದಂಡಕ್ಕೆ ಮೇಲಿಂದ ಮೇಲೆ ಪೆಟ್ಟು ಕೊಡುವುದನ್ನು ಬಿಚ್ಚಿ ತೋರಿಸಿದರು. ಎರಡು ಸುತ್ತಿಗೆಯದನ್ನು ಆರಿಸಲು ಹೇಳಿದರು. ಹೊಳೆಯುವ ಸಾಮಾನ್ಯ ಗೋಟಿ ಆ ಪೆಟ್ಟಿಗೆ ಸಿಡಿದೀತು, ಗನ್ನಿಗೆಂದೇ ಮಾಡಿದ ದಪ್ಪ ಕರಿಯ ಗೋಟಿಯೇ ಬೇಕು, ಕಣ್ಣಿಗೆ ಕನ್ನಡಕವೂ ಇರಲಿ ಎಂದರು. ಕೆಲಸಕ್ಕೆ ಮುನ್ನ ನಾಲ್ಕು ಹನಿ ಎಣ್ಣೆ, ಕೆಲಸದ ನಂತರ ಟಾಕಿಯ ತಳದ ನೀರನ್ನು ಹೊರಬಿಡುವುದು, ಅದರಲ್ಲೂ ನಮ್ಮ ಮಳೆಗಾಲದಲ್ಲಿ, ಎಂದೂ ತಪ್ಪಬಾರದೆಂದರು. ಎಲ್ಲ ಹೇಳಿ, ಗನ್ನನ್ನು ಕೈಗಿಡುವಾಗ ಒಂದು ಮಾತು ಸೇರಿಸಿದರು: "ಸರ್ರ, ಬಿಚ್ಚಾಕ ಬಲ ಬೇಕ್ರಿ, ಬಿಗಿ ಮಾಡಾಕ ಅಳತಿ ಬೇಕ್ರಿ. ಇದು ಬಿಚ್ಚಾಕ ಅಷ್ಟ."

ಘಾಟಿನಲ್ಲಿ ನಡೆದುದರ ಮರ್ಮ ಆಗ ನಮಗೆ ಹೊಳೆಯಿತು. ಚಿಕ್ಕ ಕಾರುಗಳ ಗಾಲಿಯ ನಟ್ಟಿಗೆ ಸಾಮಾನ್ಯವಾಗಿ ಬೇಕಾದದ್ದು 85ರಿಂದ 110 ನ್ಯೂಟನ್-ಮೀಟರ್ ಬಿಗಿ. ನಮ್ಮ ಕಾರಿನ ಸರಿಯಾದ ಅಂಕಿ ಅದರ ಕೈಪಿಡಿಯಲ್ಲೇ ಇತ್ತು, ನಾವು ಓದಿರಲಿಲ್ಲ. ಅಳತೆಯಿಲ್ಲದೆ ಬಿಗಿದವರ ತಪ್ಪು ಎಷ್ಟೋ, ಬಿಗಿದದ್ದನ್ನು ಪರೀಕ್ಷಿಸದೆ ಅವ್ವನನ್ನು ಕೂರಿಸಿಕೊಂಡು ಹೊರಟ ನಮ್ಮದೂ ಅಷ್ಟೇ. ಗನ್ನಿನೊಂದಿಗೆ ಟಾರ್ಕ್ ಪಾನಾವನ್ನೂ ಕೊಂಡೆವು. ಗಾಲಿ ಬದಲಿಸುವುದಷ್ಟೇ ಕೆಲಸವಾದವರಿಗೆ ಗನ್ನೇ ಬೇಡ, ಉದ್ದ ಹಿಡಿಕೆಯ ಒಂದು ಪಾನಾ ಸಾಕು ಎಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ತುಕ್ಕು ಹಿಡಿದ ಸಸ್ಪೆನ್ಷನ್ ಬೋಲ್ಟುಗಳನ್ನು ಬಿಚ್ಚುವ ಹುಮ್ಮಸ್ಸು ಮಗನಿಗಿರುವುದರಿಂದ ನಮ್ಮ ಖರ್ಚು ವ್ಯರ್ಥವಾಗಿಲ್ಲ.

ಈಗ ನಮ್ಮ ಅಂಗಳದಲ್ಲೊಂದು ನಿಯಮವಿದೆ. ನಟ್ಟನ್ನು ಗನ್ನಿನಿಂದ ಬಿಚ್ಚಬಹುದು. ಕೂರಿಸುವುದು ಬೆರಳಿನಿಂದ, ಬಿಗಿಯುವುದು ಟಾರ್ಕ್ ಪಾನಾದಿಂದ, ಎದುರುಬದುರು ನಟ್ಟುಗಳ ಕ್ರಮದಲ್ಲಿ. ಅಂಗಡಿಯಲ್ಲಿ ಗಾಲಿ ಹಾಕಿಸಿದರೂ ಮನೆಗೆ ಬಂದ ಮೇಲೆ ನಟ್ಟು ಸಡಿಲಿಸಿ, ಅಳತೆಗೆ ಮತ್ತೆ ಬಿಗಿಯುತ್ತೇವೆ. ಕಾರಿನೊಡನೆ ಬಂದ ಆ ಚಿಕ್ಕ ಪಾನಾದಿಂದ ಅದು ಬಿಚ್ಚಿಕೊಳ್ಳುವುದೇ ನಮ್ಮ ಪರೀಕ್ಷೆ, ಏಕೆಂದರೆ ಘಾಟಿನಲ್ಲಿ ಕೈಗೆ ಸಿಗುವುದು ಅದೊಂದೇ.

ಹೋದ ತಿಂಗಳು ಅವ್ವನನ್ನು ತಪಾಸಣೆಗೆ ಕರೆದೊಯ್ಯುವ ಹಿಂದಿನ ಸಂಜೆ ಮಗ ಗಾಲಿ ಬಿಗಿಯುತ್ತಿದ್ದ. ಟಾರ್ಕ್ ಪಾನಾ 'ಟಕ್' ಎಂದಿತು. ಕಟ್ಟೆಯ ಮೇಲೆ ಕುಳಿತಿದ್ದ ಅವ್ವ, "ಸಾಕು ಅಂತೈತೇನೋ ತಮ್ಮಾ ಅದು?" ಎಂದು ಕೇಳಿದಳು. "ಹೌದಬೇ, ಸಾಕು ಅಂತೈತಿ" ಎಂದ ಮೊಮ್ಮಗ. ಮರುದಿನ ನಾವು ಹತ್ತಕ್ಕೆ ಹತ್ತು ನಿಮಿಷವಿರುವಾಗಲೇ ಕೊಲ್ಹಾಪುರ ಮುಟ್ಟಿದೆವು.