ಬಿಟ್ಟುಹೋದ ಒಂದು ಮಾತು

ಜತ್ತ ತಾಲೂಕಿನ ನಮ್ಮ ಮನೆಯ ಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ಉಮದಿ, ಸಂಖ ಕಡೆಯಿಂದ ಬ್ಯಾಂಕಿಗೆ ಬರುವ ಹಿರಿಯರಿಗೆ ಮರಾಠಿ ಫಾರ್ಮು ಓದಿ ಕನ್ನಡದಲ್ಲಿ ಹೇಳುವುದು ನನ್ನ ನಿತ್ಯದ ಕೆಲಸ. ಒಂದು ಅಂಕಿ ಬಿಟ್ಟರೂ ಅಂದಿನ ಲೆಕ್ಕ ಕೂಡುವುದಿಲ್ಲ. ಅಂಥ ನಾನು ಡಾಕ್ಟರ ಮಾತನ್ನು ಅವ್ವನಿಗೆ ಹೇಳುವಾಗ ಒಂದನ್ನು ಬೇಕೆಂದೇ ಬಿಟ್ಟೆ.

ಅವ್ವನಿಗೆ ಸಕ್ಕರೆ ಬೇನೆ ಬಂದು ನಾಲ್ಕು ವರ್ಷವಾಗಿತ್ತು. 2022ರಲ್ಲಿ ಮಿರಜಿಗೆ ಕರೆದೊಯ್ದಾಗ ಡಾಕ್ಟರು, “ಹಿಂದೆ ಎಂದಾದರೂ ರಕ್ತ ಏರಿಸಿದ್ದರೇ?” ಎಂದು ಕೇಳಿದರು. 1992ರಲ್ಲಿ ಗರ್ಭಕೋಶದ ಆಪರೇಶನ್ನಿಗೆ ಎರಡು ಬಾಟಲಿ ಏರಿಸಿದ್ದರು. ಎರಡು ತಿಂಗಳಿಗೆ ಕಾಮಣಿಯಾಗಿ ಕಣ್ಣು ಹಳದಿಯಾದವು. ಕಬ್ಬಿನ ಹಾಲು ಕುಡಿಸಿದೆವು, ಇಳಿಯಿತು, ಮರೆತೆವು. ಈಗ ಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ ಎಂದು ಬಂತು. ಆ ವೈರಸ್ಸನ್ನು ಗುರುತಿಸಿದ್ದೇ 1989ರಲ್ಲಿ; ನಮ್ಮ ದೇಶದ ರಕ್ತನಿಧಿಗಳಲ್ಲಿ ಅದರ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ.

“ಕಾಮಣಿ ಇಳಿದರೂ ವೈರಸ್ಸು ಯಕೃತ್ತಿನಲ್ಲಿ ಉಳಿದಿತ್ತು. ಅದಿದ್ದರೆ ಇನ್ಸುಲಿನ್ನಿನ ಮಾತು ಯಕೃತ್ತು ಸರಿಯಾಗಿ ಕೇಳುವುದಿಲ್ಲ, ಸಕ್ಕರೆ ಏರುತ್ತದೆ. ಎಲ್ಲರ ಸಕ್ಕರೆ ಬೇನೆಗೂ ಇದೇ ಕಾರಣವಲ್ಲ, ಆದರೆ ಇದ್ದವರಿಗೆ ಅಪಾಯ ಹೆಚ್ಚು,” ಎಂದರು. ಎಲ್ಲ ಮರಾಠಿಯಲ್ಲಿ. ಅವ್ವ ನನ್ನ ಮುಖ ನೋಡಿದಳು. “ಸಕ್ಕರಿ ಗುಳಿಗಿ ಬದಲ ಮಾಡ್ಯಾರ,” ಎಂದೆ. ಓಣಿಯವರು ಅವಳ ಲೋಟ ಬೇರೆ ಇಟ್ಟಾರೆಂಬ ಹೆದರಿಕೆ ನನಗೆ.

ಆ ವಾರವೇ ಒಂದು ಸಂಜೆ ಮನೆಗೆ ಬಂದರೆ ನೆರೆಯ ಅಜ್ಜಿ ಬೆರಳು ಚಾಚಿ ಕುಳಿತಿದ್ದಳು. ಸಕ್ಕರೆ ನೋಡಲು ಅವ್ವ ತಾನು ಚುಚ್ಚಿಕೊಂಡ ಸೂಜಿಯನ್ನೇ ಅವಳಿಗೆ ಹಿಡಿದಿದ್ದಳು. ಕಸಿದುಕೊಂಡೆ. ಹಿಂದೆ ಎರಡು ಸಲ ಹಾಗೆಯೇ ಚುಚ್ಚಿದ್ದಳಂತೆ!

ಆ ರಾತ್ರಿ ಎಲ್ಲ ಹೇಳಿದೆ. ಕೂಡಿ ಉಂಡರೆ, ಒಂದೇ ಲೋಟದಲ್ಲಿ ಕುಡಿದರೆ ಅಂಟುವುದಿಲ್ಲ. ರಕ್ತಕ್ಕೆ ರಕ್ತ ತಾಗಿದರೆ ಅಂಟುತ್ತದೆ.

“ಮೊದಲ ಹೇಳಿದ್ದರ ಸೂಜಿ ಬ್ಯಾರೆ ಇಡತಿದ್ನಲ್ಲೋ ತಮ್ಮಾ. ನನ್ನ ಬ್ಯಾನಿ ನನಗ ಗೊತ್ತಿರಬಾರದೇನು?” ಎಂದಳು. ಉತ್ತರ ಹೊಳೆಯಲಿಲ್ಲ.

ಅಜ್ಜಿಯ ರಕ್ತವನ್ನು ಕೂಡಲೇ ಒಮ್ಮೆ, ಕೆಲವು ತಿಂಗಳ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿದೆವು; ವೈರಸ್ಸು ಇರಲಿಲ್ಲ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಅವ್ವನಿಗೆ ಸರಕಾರಿ ದವಾಖಾನೆಯಲ್ಲಿ ಹನ್ನೆರಡು ವಾರದ ಗುಳಿಗೆ ಪುಕ್ಕಟೆ ಸಿಕ್ಕವು. ವೈರಸ್ಸು ಹೋಯಿತು. ಸಕ್ಕರೆ ತುಸು ಇಳಿದಿದೆ, ಹೋಗಿಲ್ಲ. 2001ಕ್ಕೂ ಮೊದಲು ರಕ್ತ ಏರಿಸಿಕೊಂಡ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಒಮ್ಮೆ ಪರೀಕ್ಷೆ ಮಾಡಿಸಿರಿ. ಬಂದ ಫಲವನ್ನು ಅವರ ಮಾತಿನಲ್ಲಿ ಅವರಿಗೇ ಹೇಳಿರಿ.

ಅಜ್ಜಿಗೆ ವಿಷಯ ತಿಳಿಸಿದವಳು ಅವ್ವನೇ. ಅಜ್ಜಿ ಈಗಲೂ ಬರುತ್ತಾಳೆ. ಸೆರಗಿನ ಗಂಟಿನಲ್ಲಿ ತನ್ನದೇ ಹೊಸ ಸೂಜಿ ಇರುತ್ತದೆ. ಚಹಾ ಮಾತ್ರ ನಮ್ಮ ಮನೆಯ ಲೋಟದಲ್ಲೇ.