ಅಂಗಾಲಿನ ಮಚ್ಚೆಯ ಹಾದಿ ಹಿಡಿದು

ಹೊಸದುರ್ಗದ ತೆಂಗು ಮುಗಿದು ಹೊಳಲ್ಕೆರೆಯ ಅಡಿಕೆ ಬಂತು, ಅದೂ ಮುಗಿದು ದುರ್ಗದ ಬಂಡೆಗಳು ಎದ್ದು ನಿಂತವು. ಹಿಂದಿನ ಸೀಟಿನಲ್ಲಿ ದೊಡ್ಡಪ್ಪ ಕಾಲು ಚಾಚಿ ಕೂತಿದ್ದರು. ಬದುಕೆಲ್ಲ ಬರಿಗಾಲಲ್ಲಿ ತೋಟ ಸುತ್ತಿದವರು. ಹಿಮ್ಮಡಿಯಲ್ಲೊಂದು ಕಪ್ಪು ಮಚ್ಚೆ ಹರಡುತ್ತಿತ್ತು. ಜಾಲಿಮುಳ್ಳು ಮುರಿದು ಒಳಗುಳಿದಿದೆ ಎಂದು ಊರವರು ಎಕ್ಕದ ಹಾಲು ಹಚ್ಚಿಸಿದ್ದೂ ಆಗಿತ್ತು.

ಚಿತ್ರದುರ್ಗದ ಚರ್ಮವೈದ್ಯೆ ಡರ್ಮೋಸ್ಕೋಪ್ ಎಂಬ ಮಸೂರವನ್ನು ಹಿಮ್ಮಡಿಗೆ ಒತ್ತಿ ಹಿಡಿದು ನನ್ನನ್ನೂ ಕರೆದರು. ಎಂಥ ಲೋಕವದು! ಅಂಗಾಲು ಉತ್ತಿಟ್ಟ ಹೊಲದಂತಿತ್ತು: ಏರು, ಸಾಲು, ಮತ್ತೆ ಏರು, ಮತ್ತೆ ಸಾಲು. ಅಂಗಾಲಿನ ಸಾಧಾರಣ ಮಚ್ಚೆಯ ಬಣ್ಣ ಹೆಚ್ಚಾಗಿ ಸಾಲುಗಳಲ್ಲಿ ಇಳಿದಿರುತ್ತದೆ. ಇಲ್ಲಿ ಅದು ಏರುಗಳ ಮೇಲೆ ಹತ್ತಿ ಕೂತಿತ್ತು. ಜಪಾನಿನ ವೈದ್ಯ ತೋಷಿಯಾಕಿ ಸೈದಾ ಮತ್ತು ಸಂಗಡಿಗರು ಜಗತ್ತಿಗೆ ಕಾಣಿಸಿಕೊಟ್ಟ ಕ್ಯಾನ್ಸರಿನ ಸುಳಿವಿದು. ಬಯಾಪ್ಸಿಯೂ ಅದನ್ನೇ ಹೇಳಿತು: ಅಕ್ರಲ್ ಮೆಲನೋಮ, ಚರ್ಮದ ಬಣ್ಣದ ಕೋಶಗಳ ಕ್ಯಾನ್ಸರ್. ನಮ್ಮಲ್ಲಿ ಮೆಲನೋಮವೇ ಅಪರೂಪ. ಬಂದರೆ ಬಿಸಿಲು ಕಾಣದ ಅಂಗಾಲು, ಅಂಗೈ, ಉಗುರಿನಡಿಗಳಲ್ಲೇ ಹೆಚ್ಚು. 1981ರಲ್ಲಿ, 36ರ ಹರೆಯದ ಗಾಯಕ ಬಾಬ್ ಮಾರ್ಲಿಯನ್ನು ಒಯ್ದದ್ದೂ ಕಾಲ್ಬೆರಳ ಉಗುರಿನಡಿ ಹುಟ್ಟಿದ ಮೆಲನೋಮವೇ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೊರಟೆವು. ಐಮಂಗಲದ ಆಸುಪಾಸಿಗೆ ಬರುತ್ತಲೇ ಮರಡಿಹಳ್ಳಿಯ ಕಲ್ಲು ನೋಡಿ ಹೋಗೋಣ ಎಂದರು ದೊಡ್ಡಪ್ಪ. ನೀರಿನಡಿ ಉಕ್ಕಿ ದಿಂಬುದಿಂಬಾಗಿ ಹೆಪ್ಪುಗಟ್ಟಿದ ಲಾವಾ, ವಯಸ್ಸು ಸುಮಾರು 250 ಕೋಟಿ ವರ್ಷ. ಮಳೆಗೆ ಬಾಯ್ಬಿಡುವ ಈ ಸೀಮೆಯಲ್ಲಿ ಒಮ್ಮೆ ಕಡಲಿತ್ತು! ಆ ಕಲ್ಲ ಮೇಲೆ ನಿಂತಾಗಲೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ವೈದ್ಯೆ ಹೇಳಿದ ಮಾತು. ಮೈಗೆ ಬಣ್ಣ ಕೊಡುವ ಮೆಲನೋಸೈಟ್‌ಗಳು ಚರ್ಮದಲ್ಲಿ ಹುಟ್ಟಿದವಲ್ಲ. ಗರ್ಭದಲ್ಲಿ, ಮುಂದೆ ಬೆನ್ನುಹುರಿಯಾಗುವ ನಳಿಕೆಯ ಅಂಚಿನಿಂದ ಹೊರಟು, ಎಳೆಮೈಯುದ್ದಕ್ಕೂ ಸರಿದು ಅಂಗಾಲು ಮುಟ್ಟಿದವು. ನಾವು ಮೊದಲ ಹೆಜ್ಜೆ ಇಡುವ ಎಷ್ಟೋ ಮುಂಚೆ ಅವುಗಳ ಪಯಣ ಮುಗಿದಿರುತ್ತದೆ. ಕೆಟ್ಟುಹೋದಾಗ ಅವು ಮತ್ತೆ ಹೊರಡುತ್ತವೆ. ಹಿರಿಯೂರಿನಲ್ಲಿ ವೇದಾವತಿ ದಾಟುವಾಗ ನನ್ನನ್ನು ಕಾಡಿದ ಭಯವೂ ಅದೇ: ಹೊರಟಿವೆಯೇ?

ಅದನ್ನು ತಿಳಿಯಲೊಂದು ಉಪಾಯವಿದೆ. 1992ರಲ್ಲಿ ಅಮೆರಿಕದ ಶಸ್ತ್ರವೈದ್ಯ ಡೊನಾಲ್ಡ್ ಮಾರ್ಟನ್ ಮತ್ತು ಸಂಗಡಿಗರು ಪ್ರಕಟಿಸಿದ್ದು. ಗಡ್ಡೆಯ ಸುತ್ತ ನೀಲಿ ಬಣ್ಣ ಚುಚ್ಚುತ್ತಾರೆ. ಅದು ದುಗ್ಧನಾಳ ಹಿಡಿದು ತೊಡೆಸಂದಿಗೆ ಏರಿ, ದಾರಿಯ ಮೊದಲ ಗ್ರಂಥಿಯನ್ನು ನೀಲಿಯಾಗಿಸುತ್ತದೆ. ಪರಾರಿಯಾದ ಕೋಶ ಮೊದಲು ತಂಗುವುದು ಬಹುಮಟ್ಟಿಗೆ ಅಲ್ಲೇ. ಆ ಒಂದನ್ನು ತೆಗೆದು ನೋಡಿದರೆ, ಅದು ಶುದ್ಧವಿದ್ದರೆ, ಉಳಿದ ಗ್ರಂಥಿಗಳನ್ನು ಮುಟ್ಟಬೇಕಿಲ್ಲ. ಎಲ್ಲ ಗ್ರಂಥಿ ತೆಗೆದಾಗ ಬರಬಹುದಾದ ಆಜೀವ ಬಾವಿನಿಂದ ಎಷ್ಟು ಕಾಲುಗಳನ್ನು ಉಳಿಸಿದ ಉಪಾಯ! ದೊಡ್ಡಪ್ಪನ ಗಡ್ಡೆಯ ಆಳ ಒಂದೂವರೆ ಮಿಲಿಮೀಟರ್. ರೋಗಿಯ ಮುಂದಿನ ಗತಿ ಈ ಆಳದ ಮೇಲೆ ನಿಂತಿದೆಯೆಂದು 1970ರಲ್ಲೇ ಅಲೆಕ್ಸಾಂಡರ್ ಬ್ರೆಸ್ಲೋ ತೋರಿಸಿದ್ದರು. ಸುತ್ತಲಿನ ಒಳ್ಳೆಯ ಚರ್ಮವನ್ನೂ ಸೇರಿಸಿ ಮಚ್ಚೆ ಕತ್ತರಿಸಿದರು, ತೊಡೆಯ ಚರ್ಮ ತಂದು ಹಿಮ್ಮಡಿಗೆ ಹೊದಿಸಿದರು. ನೀಲಿಯಾದ ಗ್ರಂಥಿಯಲ್ಲಿ ಕ್ಯಾನ್ಸರ್ ಇರಲಿಲ್ಲ.

ಈಗ ದೊಡ್ಡಪ್ಪ ಮೆತ್ತನೆಯ ಚಪ್ಪಲಿ ಹಾಕಿ ತೋಟಕ್ಕಿಳಿಯುತ್ತಾರೆ. ದುರ್ಗದ ತಪಾಸಣೆಗೆ ಹೊರಟಾಗ ತೋಟದಲ್ಲಿ ದುಡಿಯುವ ಇಬ್ಬರನ್ನೂ ಕಾರು ಹತ್ತಿಸಿದರು, ಅವರ ಅಂಗಾಲನ್ನೂ ಆ ಮಸೂರದಡಿ ನೋಡಿಸಬೇಕೆಂದು.