ಬಡಾಯಿ ಚಹಾದ ಊರಿನಲ್ಲಿ

ಕಳೆದ ದಸರಾ ರಜೆಯಲ್ಲಿ ಮೊಮ್ಮಗನನ್ನು ಕರೆದುಕೊಂಡು ತೈವಾನ್‌ಗೆ ಹೋಗಿದ್ದೆ. ನನ್ನ ಮಗಳು, ಅಳಿಯ ಅಲ್ಲಿನ ಶಿಂಚು ನಗರದಲ್ಲಿದ್ದಾರೆ. ಮೈಸೂರಿನಿಂದ ಹೊರಡುವಾಗ ನನ್ನ ಪೆಟ್ಟಿಗೆಯ ಅರ್ಧಭಾಗ ಅವಲಕ್ಕಿ, ಹುರಿಹಿಟ್ಟು, ಚಟ್ನಿಪುಡಿಯೇ ತುಂಬಿತ್ತು. ಅಲ್ಲಿನ ಅಡುಗೆಯಲ್ಲಿ ಏನು ಹಾಕಿರುತ್ತಾರೋ ಎಂಬ ಭಯ. ‘ಸಸ್ಯಾಹಾರದ ಅಂಗಡಿಗಳು ಇಲ್ಲಿ ಬೇಕಾದಷ್ಟಿವೆಯಮ್ಮ, ಬೋರ್ಡಿನ ಮೇಲೆ “ಸು” ಅನ್ನುವ ಅಕ್ಷರ ನೋಡಿದರೆ ಸಾಕು. ಎಷ್ಟೋ ಕಡೆ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ’ ಎಂದು ಮಗಳು ಹೇಳಿದರೂ ನಾನು ನಂಬಲಿಲ್ಲ.

ಒಂದು ದಿನ ಹೋಟೆಲಿನಲ್ಲಿ ಎಲ್ಲರೂ ಊಟ ಮಾಡುತ್ತಿರುವಾಗ ನಾನು ಮೇಜಿನ ಕೆಳಗೆ ಅವಲಕ್ಕಿಯ ಡಬ್ಬಿ ಬಿಚ್ಚಿದೆ. ಹನ್ನೊಂದು ವರ್ಷದ ಮೊಮ್ಮಗ ಮುಖ ಕೆಂಪಗೆ ಮಾಡಿಕೊಂಡು, ‘ಅಜ್ಜಿ, ಎಲ್ಲರೂ ನೋಡ್ತಿದಾರೆ. ನಾಳೆಯಿಂದ ನೀನು ಮನೇಲೇ ಇದ್ದುಬಿಡು’ ಅಂದ. ಮಗಳು ಅವನನ್ನು ಗದರಿಸಿದಳು. ನಾನು ನಕ್ಕು ಸುಮ್ಮನಾದೆ. ರಾತ್ರಿ ಮಾತ್ರ ನಿದ್ದೆ ಬರಲಿಲ್ಲ.

ಆ ಭಾನುವಾರ ಮಗಳು ನಮ್ಮನ್ನು ಬೇಪು ಎಂಬ ಸಣ್ಣ ಊರಿಗೆ ಕರೆದೊಯ್ದಳು. ತೈವಾನ್‌ಗೆ ಹೋದವರು ತೈಪೆಯ ಗಗನಚುಂಬಿ ಕಟ್ಟಡ ನೋಡಿ ಬರುತ್ತಾರೆ. ಬೇಪುವಿನ ಹೆಸರನ್ನು ನಾನಂತೂ ಕೇಳಿಯೇ ಇರಲಿಲ್ಲ. ಶಿಂಚುವಿನಿಂದ ಬಸ್ಸಿನಲ್ಲಿ ಒಂದು ಗಂಟೆಯೂ ಹಿಡಿಯದ ದಾರಿ. ಸುತ್ತ ಹಸಿರು ಗುಡ್ಡ, ನಡುವೆ ಹಳೆಯ ಇಟ್ಟಿಗೆ ಮನೆಗಳು. ಇಲ್ಲಿ ಹೆಚ್ಚಾಗಿರುವವರು ಹಕ್ಕಾ ಜನ. ಹಕ್ಕಾ ಎಂದರೆ ‘ಅತಿಥಿ ಮನೆಯವರು’ ಎಂದರ್ಥ. ಚೀನಾದಿಂದ ಸಮುದ್ರ ದಾಟಿ ಬಂದು ನೆಲೆಸಿದವರ ಮಕ್ಕಳು, ಮೊಮ್ಮಕ್ಕಳು ಇವರು.

ಅತಿಥಿಗಳು ಬರುವ ಮೊದಲು ಮನೆ ಯಾರದಾಗಿತ್ತು? ಈ ಪ್ರಶ್ನೆಯನ್ನು ನನ್ನ ಮೊಮ್ಮಗನೇ ಕೇಳಿದ. ಸೈಸಿಯಾತ್ ಎಂಬ ಮೂಲನಿವಾಸಿಗಳದು. 1830ರ ದಶಕದಲ್ಲಿ ಗುವಾಂಗ್‌ಡಾಂಗ್, ಫುಜಿಯಾನ್ ಎರಡೂ ಕಡೆಯಿಂದ ಬಂದಿದ್ದವರು ಹಣ ಹಾಕಿ ‘ಜಿನ್‌ಗುವಾಂಗ್‌ಫು’ ಎಂಬ ಕೂಟ ಕಟ್ಟಿಕೊಂಡು, ಅವರನ್ನು ಬೆಟ್ಟದತ್ತ ತಳ್ಳಿ ಈ ನೆಲವನ್ನು ಉಳುಮೆಗೆ ತಂದರು. ಕೂಟದ ಕಚೇರಿಯಾಗಿದ್ದ ಮನೆ ಇಂದಿಗೂ ನಿಂತಿದೆ. ಶತ್ರು ನುಗ್ಗಿದರೆ ದಿಕ್ಕು ತಪ್ಪಲಿ ಎಂದೇ ಓಣಿಗಳನ್ನು ಅಂಕುಡೊಂಕಾಗಿ ಮಾಡಿದರೆಂದು ಹೇಳುತ್ತಾರೆ. ಸೈಸಿಯಾತರು ಈಗ ಕೆಲವೇ ಸಾವಿರ ಮಂದಿ. ಪಕ್ಕದ ಬೆಟ್ಟಗಳಲ್ಲಿ ಎರಡು ವರ್ಷಕ್ಕೊಮ್ಮೆ ಅವರು ಕುಬ್ಜ ಜನರ ಆತ್ಮಗಳಿಗಾಗಿ ರಾತ್ರಿಯಿಡೀ ಹಾಡಿ ಕುಣಿಯುವ ಹಬ್ಬ ಮಾಡುತ್ತಾರಂತೆ. ನಾವು ಹೋದ ವಾರ ಅದು ಇರಲಿಲ್ಲ ಎಂದು ಹುಡುಗನಿಗೆ ತುಂಬ ಬೇಸರವಾಯಿತು.

ಊರ ನಡುವಿನ ತ್ಸಿತಿಯಾನ್ ದೇವಾಲಯದಲ್ಲಿ ಗ್ವಾನ್‌ಯಿನ್ ಎಂಬ ಕರುಣೆಯ ದೇವಿ ಇದ್ದಾಳೆ. ಆಕೆ ಬೇರೆ ಯಾರೂ ಅಲ್ಲ, ಬೌದ್ಧಧರ್ಮದ ಜೊತೆ ನಮ್ಮ ದೇಶದಿಂದ ಹೊರಟ ಅವಲೋಕಿತೇಶ್ವರ. ಚೀನಾ ತಲುಪಿ, ಕಾಲ ಕಳೆದಂತೆ ಹೆಣ್ಣಿನ ರೂಪ ತಾಳಿದ. ಮಂಗಳೂರಿನ ಕದ್ರಿ ದೇವಸ್ಥಾನದ ಲೋಕೇಶ್ವರನ ಕಂಚಿನ ಮೂರ್ತಿ ನೆನಪಾಗಿ, ಪರಿಚಿತರನ್ನು ಕಂಡಂತೆ ಕೈಮುಗಿದೆ.

ದೇವಾಲಯದ ಎದುರಿನ ಬೀದಿಯ ತುಂಬ ತಿಂಡಿಯಂಗಡಿಗಳು. ಶೇಂಗಾಪುಡಿಯಲ್ಲಿ ಹೊರಳಿಸಿದ ಅಕ್ಕಿಯ ಮೆತ್ತನೆಯ ಉಂಡೆ, ಅಗಲವಾದ ಅಕ್ಕಿ ಶಾವಿಗೆ. ಟೊಮೆಟೊ ಆಕಾರದ ಪರ್ಸಿಮನ್ ಹಣ್ಣಿನ ಸಿಪ್ಪೆ ತೆಗೆದು, ಬಿಸಿಲಿಗೆ ಒಣಗಿಸಿ, ಚಪ್ಪಟೆ ಮಾಡಿ ಜೋಡಿಸಿದ್ದರು. ನಮ್ಮ ಒಣ ಅಂಜೂರದ ಅಣ್ಣನಂತಿತ್ತು. ನಾನು ನೋಡಿದೆ ಅಷ್ಟೇ. ಕೈಚೀಲದಲ್ಲಿ ಡಬ್ಬಿ ಇತ್ತಲ್ಲ.

ಕೊನೆಗೆ ಒಂದು ಚಹಾದಂಗಡಿಯೊಳಗೆ ಕುಳಿತೆವು. ಬೇಪು ಹೆಸರಾಗಿರುವುದು ‘ಲೇ ಚಾ’ಗೆ. ಲೇ ಎಂದರೆ ಅರೆಯುವುದು, ಚಾ ಎಂದರೆ ಚಹಾ. ನಮ್ಮ ‘ಚಹಾ’ ಪದದ ಮೂಲವೂ ಅದೇ. ಇಲ್ಲಿ ಚಹಾ ಮಾಡಿಕೊಡುವುದಿಲ್ಲ, ನೀವೇ ಅರೆದುಕೊಳ್ಳಬೇಕು. ಅಂಗಡಿಯಾಕೆ ಒಂದು ಮಣ್ಣಿನ ಬೋಗುಣಿ ತಂದಿಟ್ಟಳು. ಒಳಮೈಯಲ್ಲಿ ಬಾಚಣಿಗೆಯಿಂದ ಗೀರಿದಂತೆ ಗೆರೆಗಳು. ಜೊತೆಗೆ ಸೀಬೆಮರದ ಉದ್ದನೆಯ ಕೋಲು. ಬೋಗುಣಿಗೆ ಚಹಾ ಎಲೆ, ಎಳ್ಳು, ಹುರಿದ ಶೇಂಗಾ ಸುರಿದಳು. ಕುಂಬಳದ ಬೀಜ ಆಮೇಲಂತೆ. ನನಗೆ ಗೊತ್ತಿಲ್ಲದ ಪದಾರ್ಥ ಒಂದೂ ಇರಲಿಲ್ಲ!

ಮೊದಲು ಮೊಮ್ಮಗ ಕೋಲು ಹಿಡಿದ. ಕುಟ್ಟಿದ ರಭಸಕ್ಕೆ ಶೇಂಗಾ ಪಕ್ಕದ ಮೇಜಿಗೆ ಹಾರಿತು. ಮಗಳು ಐದು ನಿಮಿಷಕ್ಕೆ ತೋಳು ನೋವೆಂದಳು. ‘ಕೊಡಿ ಇಲ್ಲಿ’ ಎಂದು ನಾನು ಸೀರೆಯ ಸೆರಗು ಸಿಕ್ಕಿಸಿಕೊಂಡೆ. ‘ಕುಟ್ಟಬೇಡ ಕಣೋ, ಅಂಚಿಗೆ ಒತ್ತಿ ಸುತ್ತಿಸಬೇಕು.’ ಮೂವತ್ತು ವರ್ಷ ಒರಳಿನ ಮುಂದೆ ಕುಳಿತ ಕೈ ಅದು, ಮರೆತಿರಲಿಲ್ಲ. ಎಳ್ಳು ಎಣ್ಣೆ ಬಿಟ್ಟು, ಎಲ್ಲವೂ ಹಸಿರು ಮುದ್ದೆಯಾಯಿತು. ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಅಂಗಡಿಯಾಕೆ ಬಂದು, ಬೋಗುಣಿಯನ್ನು ತಟಕ್ಕನೆ ತಲೆಕೆಳಗು ಮಾಡಿದಳು. ಒಂದು ಚೂರೂ ಬೀಳಲಿಲ್ಲ! ಹದವಾಗಿದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆಯಂತೆ ಅದು. ಆಕೆ ನನ್ನ ಕೈ ಹಿಡಿದು, ಅಂಗೈ ತಿರುಗಿಸಿ ನೋಡಿ, ತನ್ನ ಅಂಗೈಯನ್ನೂ ತೋರಿಸಿದಳು. ಇಬ್ಬರಿಗೂ ಭಾಷೆ ಬೇಕಾಗಲಿಲ್ಲ.

ಬಿಸಿನೀರು ಬೆರೆಸಿ, ಮೇಲೆ ಪುರಿ ಉದುರಿಸಿದರು. ಹೌದು, ನಮ್ಮ ಕಡ್ಲೆಪುರಿಯ ಪುರಿಯೇ! ಮೊದಲು ಹಕ್ಕಾ ಮನೆಗಳಲ್ಲಿ ಇದನ್ನು ಉಪ್ಪು ಹಾಕಿ ಮಾಡುತ್ತಿದ್ದರಂತೆ, ಪ್ರವಾಸಿಗರಿಗಾಗಿ ಈಗ ಸಿಹಿ. ಎರಡು ಬಟ್ಟಲು ಕುಡಿದೆ. ರುಚಿ ಹುರಿಹಿಟ್ಟಿಗೆ ಹತ್ತಿರ, ಕೊನೆಯಲ್ಲಿ ಚಹಾದ ಸಣ್ಣ ಒಗರು. ಕಾಫಿ ಬಿಟ್ಟು ಬೇರೇನೂ ಮುಟ್ಟದವಳು ಹೇಳುತ್ತಿದ್ದೇನೆ, ಚೆನ್ನಾಗಿತ್ತು.

ಮೊಮ್ಮಗ ಮೆಲ್ಲಗೆ ಕೇಳಿದ: ‘ಅಜ್ಜಿ, ನಮ್ಮನೇಲಿ ಒರಳು ಇದೆಯಾ?’

‘ಹಿತ್ತಲಲ್ಲಿದೆ. ನಿಮ್ಮಪ್ಪ ಅದರ ಮೇಲೆ ಪೇಂಟಿನ ಡಬ್ಬ ಇಟ್ಟಿದ್ದಾನೆ.’

‘ಹೋದ ತಕ್ಷಣ ತೆಗೀತೀನಿ’ ಅಂದ. ಆಮೇಲೆ ಅಕ್ಕಿಯುಂಡೆಯ ತಟ್ಟೆಯನ್ನು ನನ್ನತ್ತ ಸರಿಸಿ, ‘ಇದಕ್ಕೂ ಏನೂ ಹಾಕಿಲ್ಲ ಅಜ್ಜಿ, ಅತ್ತೆ ಹತ್ರ ಕೇಳಿಸಿದೆ’ ಎಂದ. ತಿಂದೆ.

ಹೊರಡುವ ಮುನ್ನ ಅಂಗಡಿಯಾಕೆ ಇನ್ನೊಂದು ಚಹಾ ತೋರಿಸಿದಳು. ಬೇಸಿಗೆಯಲ್ಲಿ ಹಸಿರು ಬಣ್ಣದ ಪುಟ್ಟ ಜಿಗಿಹುಳು ಚಹಾ ಗಿಡದ ಚಿಗುರಿನ ರಸ ಹೀರುತ್ತದೆ. ಪೆಟ್ಟು ತಿಂದ ಗಿಡ ಒಂದು ಬಗೆಯ ಪರಿಮಳ ಹೊರಬಿಟ್ಟು, ಆ ಹುಳುವನ್ನು ತಿನ್ನುವ ಜೀವಿಗಳನ್ನು ಕರೆಯುತ್ತದೆ. ಅಂಥ ಎಲೆಯಿಂದ ಮಾಡಿದ ಚಹಾಕ್ಕೆ ಜೇನಿನ ಘಮ. ಹುಳು ಬೇಕೇಬೇಕಾದ್ದರಿಂದ ಕೀಟನಾಶಕ ಸಿಂಪಡಿಸುವಂತಿಲ್ಲ. ಹಿಂದೆ ಒಬ್ಬ ರೈತ ಹುಳು ಕಚ್ಚಿದ ಫಸಲನ್ನು ಎಸೆಯಲು ಮನಸ್ಸಾಗದೆ ಪೇಟೆಗೆ ಒಯ್ದನಂತೆ. ಒಳ್ಳೆಯ ಎಲೆಗಿಂತ ಎಷ್ಟೋ ಪಾಲು ಹೆಚ್ಚು ಬೆಲೆ ಸಿಕ್ಕಿತು. ಊರಿಗೆ ಬಂದು ಹೇಳಿದರೆ ಯಾರೂ ನಂಬಲಿಲ್ಲ, ‘ಬಡಾಯಿ ಕೊಚ್ಚಬೇಡ’ ಎಂದರು. ಅಲ್ಲಿಂದ ಅದಕ್ಕೆ ‘ಬಡಾಯಿ ಚಹಾ’ ಎಂದೇ ಹೆಸರು. ಪೇಟೆಯಲ್ಲಿ ಮಾತ್ರ ‘ಪೂರ್ವದ ಸುಂದರಿ’ ಎಂದು ಮಾರುತ್ತಾರೆ.

ನಾನೂ ಒಂದು ಸಣ್ಣ ಪೊಟ್ಟಣ ಕೊಂಡು ತಂದೆ. ಎದುರುಮನೆಯವರು ಬಂದಾಗ ಕಾಸಿಕೊಟ್ಟು, ಹುಳ ಕಚ್ಚಿದ ಎಲೆ ಎಂದು ಹೇಳಿ ಅದರ ಬೆಲೆಯನ್ನೂ ಹೇಳಿದೆ. ಅವರು ಲೋಟ ಕೆಳಗಿಟ್ಟು, ‘ಸುಮ್ನಿರಿ ರೀ, ಬಡಾಯಿ’ ಅಂದರು.